ಹೆಸರಿಲ್ಲದವಳ ಪಾಸ್‌ಪೋರ್ಟ್

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ನಿಮಿಷದ ಲೆಕ್ಕ ಇಷ್ಟು ಖಚಿತವಾಗಿ ಹೇಗೆ ನೆನಪಿದೆ ಎಂದು ಕೇಳುತ್ತೀರಿ. ಲ್ಯಾಪ್‌ಟಾಪಿನ ಮೂಲೆಯ ಗಡಿಯಾರ ನೋಡಿ, "ಮೂರೂವರೆಯೊಳಗೆ ಮುಗಿಸ್ತೀನಿ, ಆಮೇಲೆ ಚಹಾ ಕುಡಿಯೋಣ" ಎಂದು ಹೆಂಡತಿಗೆ ಜಂಬದಿಂದ ಹೇಳಿದವನು ನಾನೇ. ಆ ಚಹಾ ಕುಡಿದ ನೆನಪು ಮಾತ್ರ ಇಲ್ಲ.

ಇದೆಲ್ಲ ಈಗ ಮತ್ತೆ ತಲೆಯಲ್ಲಿ ಸುತ್ತತೊಡಗಿದ್ದು ನಿನ್ನೆ ಬೀರು ಜೋಡಿಸುವಾಗ ಚಿಕ್ಕ ಮಗಳ ಪಾಸ್‌ಪೋರ್ಟ್ ಕೈಗೆ ಸಿಕ್ಕಿದ್ದರಿಂದ. ಒಳಗಿನ ಫೋಟೋದಲ್ಲಿ ಒಂದು ತಿಂಗಳ ಕೂಸು ಯಾರೋ ಸಾಲ ಕೇಳಲು ಬಂದವರನ್ನು ನೋಡಿದ ಹಾಗೆ ಕಣ್ಣರಳಿಸಿದೆ. ಮನೆಗೆ ಬಂದವರೆಲ್ಲ ಆ ಫೋಟೋ ನೋಡಿ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನಗುವ ಮೊದಲು ನನ್ನ ಕೈ ತಾನಾಗಿಯೇ ಅವಧಿ ಮುಗಿಯುವ ದಿನಾಂಕದ ಮೇಲೆ ಹೋಗಿರುತ್ತದೆ. ಗಾಯ ಮಾಯ್ದರೂ ಕೈ ಅಲ್ಲಿಗೇ ಹೋಗುವುದಿಲ್ಲವೇ, ಹಾಗೆ.

ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ನಾನು ಗದಗಿನವನು. ಸಿಂಗಾಪುರದ ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಬ್ಯಾಂಕಿನ ಕಚೇರಿಯಲ್ಲಿ ಕೆಲಸ. ಮುಂದೆ ಬರಬಹುದಾದ ಅಪಾಯಗಳನ್ನು ಮುಂಚೆಯೇ ಗುರುತಿಸಿ ಪಟ್ಟಿ ಮಾಡುವುದಕ್ಕೆ ಅಲ್ಲಿ ನನಗೆ ಸಂಬಳ ಕೊಡುತ್ತಾರೆ. ಇದು ಸಾಲದು ಎಂಬಂತೆ ಸೆಂಗ್‌ಕಾಂಗಿನ ನಮ್ಮ ಸುತ್ತಮುತ್ತಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ವೀಸಾ ವಿಷಯಕ್ಕೆ ನಾನೇ ಪೀಠಾಧಿಪತಿ. "ಅಮ್ಮನ ವೀಸಾ ಎರಡು ವರ್ಷ ಇದೆ, ಅಂದ್ರೆ ಎರಡು ವರ್ಷ ಇಲ್ಲೇ ಇರಬಹುದಾ?" ಎಂದು ಯಾರಾದರೂ ಕೇಳಿದರೆ ಸಾಕು, ನಾನು ಪ್ರವಚನಕ್ಕೆ ಕೂರುತ್ತಿದ್ದೆ. "ವೀಸಾ ಅಂದರೆ ಬಾಗಿಲು ತಟ್ಟೋಕೆ ಅನುಮತಿ ಅಷ್ಟೆ. ಒಳಗೆ ಎಷ್ಟು ದಿನ ಕೂರಬಹುದು ಅನ್ನೋದನ್ನ ಒಳಗೆ ಬಿಟ್ಟವರು ಹೇಳ್ತಾರೆ. ಅದು ಬೇರೆ, ಇದು ಬೇರೆ." ಕೆಳಗೆ ಕೈ ಮುಗಿದ ಚಿತ್ರಗಳು ಸಾಲಾಗಿ ಬೀಳುತ್ತಿದ್ದವು. ನಾನು ಅವನ್ನು ಎಣಿಸುತ್ತಿದ್ದೆ.

ಇಂಥ ನನಗೆ ಹೊಳೆಯದೇ ಇದ್ದ ವಿಷಯವೆಂದರೆ, ಬಾಗಿಲು ತಟ್ಟದೆ ಒಳಗೇ ಹುಟ್ಟಿಬಿಟ್ಟವರ ಗತಿ ಏನು ಎಂಬುದು.

ದೊಡ್ಡ ಮಗಳು ಸಾನ್ವಿ ಹುಟ್ಟಿದ್ದು ಮೈಸೂರಿನಲ್ಲಿ, ನನ್ನ ಹೆಂಡತಿ ರಶ್ಮಿಯ ತವರಿನಲ್ಲಿ. ಚಿಕ್ಕವಳು ಹುಟ್ಟಿದ್ದು ಇಲ್ಲಿ. ನಮ್ಮಂಥ ವಿದೇಶಿ ದಂಪತಿಗೆ ಇಲ್ಲಿ ಮಗುವಾದರೆ ಆರು ವಾರದೊಳಗೆ ಅದಕ್ಕೆ ಇಲ್ಲಿರಲು ಒಂದು ಪಾಸ್ ಮಾಡಿಸಬೇಕು, ಇಲ್ಲವಾದರೆ ಅದು ದೇಶ ಬಿಡಬೇಕು. ಪಾಸ್ ಬೇಕಾದರೆ ಪಾಸ್‌ಪೋರ್ಟ್ ಬೇಕು. ದೇಶ ಬಿಡಬೇಕಾದರೂ ಪಾಸ್‌ಪೋರ್ಟ್ ಬೇಕು. ಹಾಗಾಗಿ ಮಗಳಿಗೆ ಒಂಬತ್ತು ದಿನವಾದಾಗ, ಆ ಮಂಗಳವಾರ, ಆನ್‌ಲೈನ್ ಅರ್ಜಿ ತೆರೆದು ಕೂತೆ. ತಂದೆಯ ಹೆಸರು, ತಾಯಿಯ ಹೆಸರು, ವಿಳಾಸ, ಎಲ್ಲವನ್ನೂ ಸರಾಗವಾಗಿ ತುಂಬಿದೆ. ಮೂರು ಹನ್ನೆರಡಕ್ಕೆ ಒಂದು ಖಾಲಿ ಚೌಕದ ಮುಂದೆ ಬಂದು ನಿಂತೆ. ಅರ್ಜಿದಾರರ ಹೆಸರು. ಪಕ್ಕದಲ್ಲಿ ಕಡ್ಡಾಯ ಎಂದು ಸಾರುವ ಒಂದು ಪುಟ್ಟ ಕೆಂಪು ನಕ್ಷತ್ರ.

"ರಶ್ಮಿ, ಪಾಪು ಹೆಸರೇನು?"

ರಶ್ಮಿ ಮಗುವಿನ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ನನ್ನ ಕೇಳ್ತೀರಲ್ಲ? ಹೆಸರಿಡೋರು ನಿಮ್ಮಕ್ಕ."

ಅದು ನಿಜ. ನಮ್ಮ ಕಡೆ ಕೂಸಿಗೆ ಹೆಸರಿಡುವುದು ಹೆತ್ತವರ ಕೆಲಸವಲ್ಲ, ಸೋದರತ್ತೆಯ ಹಕ್ಕು. ಅವಳು ಏನು ಹೆಸರು ಯೋಚಿಸಿದ್ದಾಳೆಂದು ಯಾರಿಗೂ ಬಾಯಿಬಿಡುವುದಿಲ್ಲ. ತೊಟ್ಟಿಲ ಮೇಲೆ ಬಾಗಿ ಮೊದಲು ಕೂಸಿನ ಕಿವಿಯಲ್ಲಿ ಉಸುರುತ್ತಾಳೆ. ಆ ಗಳಿಗೆಗೇ ಕಾಯುತ್ತಿದ್ದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ತಿಂದ ಮೇಲೆಯೇ ಹೆಸರು ಊರಿಗೆ ತಿಳಿಯುವುದು. ಸಾನ್ವಿಯ ಹೊತ್ತಿನಲ್ಲಿ ನನ್ನ ಅಕ್ಕ ಈರವ್ವ ಗದಗಿನಿಂದ ಮೈಸೂರಿಗೆ ಹೋಗಿ, ರಶ್ಮಿಯ ಕಡೆಯ ಹೆಂಗಸರಿಗೆ ಗುದ್ದಲು ಬಾರದು ಎಂದು ತಕರಾರು ತೆಗೆದು, ತಾನೇ ಕಲಿಸಿಕೊಟ್ಟು, ಸರಿಯಾಗಿ ಗುದ್ದಿಸಿಕೊಂಡು ಬಂದಿದ್ದಳು.

ಅಕ್ಕನಿಗೆ ಫೋನ್ ಹಚ್ಚಿದೆ. ಅವಳು ಗದಗಿನಲ್ಲಿ ಒಂದು ರೊಟ್ಟಿ ಕೇಂದ್ರ ನಡೆಸುತ್ತಾಳೆ. ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು ದಿನವಿಡೀ ರೊಟ್ಟಿ ಬಡಿಯುತ್ತಾಳೆ. ಆದ್ದರಿಂದ ಅವಳ ಜೊತೆ ಮಾತಾಡುವುದೆಂದರೆ ತಬಲಾ ಸಾಥ್‌ನೊಂದಿಗೆ ಮಾತಾಡಿದಂತೆ.

"ಯಕ್ಕಾ, ಕೂಸಿನ ಹೆಸರು ಏನಂತ ಮಾಡಿದಿ?"

"ಯಾಕ, ಈಗ್ಯಾಕ ಬೇಕಾತು ನಿನಗ?"

"ಏನಿಲ್ಲ, ಒಂದು ಫಾರ್ಮ್ ತುಂಬಬೇಕಿತ್ತು. ಸುಮ್ನ ಕೇಳಿದೆ."

"ಕೂಸಿನ ಕಿವಿಗೆ ಬೀಳೂಕಿಂತ ಮೊದಲ ನಿನ್ನ ಕಂಪ್ಯೂಟರಿನ ಕಿವಿಗೆ ಹೇಳ್ಲೇನು? ನಾನ ಬರತೀನಿ ಅಲ್ಲಿಗೆ. ತೊಟ್ಟಿಲದಾಗ ಹಾಕೂಣು, ಹೆಸರು ಇಡೂಣು."

"ನಿನ್ನ ಕಡೆ ಪಾಸ್‌ಪೋರ್ಟ್ ಇಲ್ಲಲ್ಲ ಯಕ್ಕಾ."

"ಮಾಡಸ್ತೀನಿ. ಅದೇನ್ ಚಂದ್ರಲೋಕಕ್ಕ ಹೋಗೂದೈತೇನು?"

ಫೋನ್ ಇಟ್ಟ ಮೇಲೆ ನನಗೆ ಪರಿಸ್ಥಿತಿಯ ಪೂರ್ಣ ಸ್ವರೂಪ ಕಾಣಿಸಿತು. ಹೆಸರಿಲ್ಲದೆ ಮಗಳಿಗೆ ಪಾಸ್‌ಪೋರ್ಟ್ ಇಲ್ಲ. ಅಕ್ಕ ಬರದೆ ಹೆಸರಿಲ್ಲ. ಪಾಸ್‌ಪೋರ್ಟ್ ಇಲ್ಲದೆ ಅಕ್ಕ ಬರುವ ಹಾಗಿಲ್ಲ. ಪಾಸ್‌ಪೋರ್ಟ್ ಆದರೂ ಅವಳಿಗೆ ವೀಸಾ ಬೇಕು. ಅಷ್ಟರೊಳಗೆ ಆರು ವಾರ ಮುಗಿದರೆ, ನಮ್ಮ ಮನೆಯಲ್ಲಿ ಹಾಲು ಕುಡಿದು ಬಿಕ್ಕಳಿಸುತ್ತಿರುವ ಮೂರು ಕಿಲೋದ ಈ ವ್ಯಕ್ತಿ ಅವಧಿ ಮೀರಿ ನೆಲೆಸಿದ ವಿದೇಶಿ.

ಆ ಫೋನಿನಲ್ಲಿ ನಾನು ಇದೊಂದನ್ನು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. 'ಸುಮ್ನ' ಎಂದೆ. ಏಕೆ ಎಂದರೆ ನಮ್ಮ ಮನೆತನವೇ ಹಾಗೆ. ಚಿಕ್ಕಂದಿನಲ್ಲಿ ಅಪ್ಪ ಊರೂರಿನ ನೆಂಟರಿಗೆ ಇನ್‌ಲ್ಯಾಂಡ್ ಪತ್ರ ಬರೆಸುತ್ತಿದ್ದರು. ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ಅಕ್ಕನದು. ಅಂಟು ಹಚ್ಚಲು ಅನ್ನದ ಅಗುಳು ಹಿಡಿದು ಕೂರುವ ಕೆಲಸ ನನ್ನದು. ಅರ್ಧ ಅಗುಳು ನನ್ನ ಬಾಯಿಗೇ ಹೋಗುತ್ತಿತ್ತು. 'ಇತ್ತ ನಾವೆಲ್ಲರೂ ಕ್ಷೇಮ' ಎಂಬುದು ಮೊದಲ ಸಾಲು. ಎಮ್ಮೆ ಸತ್ತ ವಾರವೂ ಕ್ಷೇಮ. ನನಗೆ ಕಾಮಾಲೆಯಾಗಿ ಕಣ್ಣು ಅರಿಸಿನದುಂಡೆಯಾಗಿದ್ದಾಗಲೂ ಕ್ಷೇಮ. ಒಮ್ಮೆ ಇಂಥ ಕ್ಷೇಮದ ಪತ್ರ ನಂಬಿ ಸೋಲಾಪುರದ ಚಿಕ್ಕಪ್ಪ ಹೆಂಡತಿ ಮಕ್ಕಳ ಸಮೇತ ನಾಲ್ಕು ದಿನ ಉಂಡು ಹೋಗಲು ಬಂದರು. ನೋಡಿದರೆ ಅಪ್ಪ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ. "ಪತ್ರದಾಗ ಬರದಿದ್ದಿಲ್ಲಲ್ಲೋ!" ಎಂದು ಚಿಕ್ಕಪ್ಪ ಕೂಗಿದರೆ, ಹಗ್ಗಕ್ಕೆ ಜೋತುಬಿದ್ದ ಕಾಲಿನ ಆಚೆಯಿಂದ ಅಪ್ಪ, "ನಿನಗ್ಯಾಕ ಸುಮ್ನ ಚಿಂತಿ ಅಂತ" ಎಂದರು. ಆ ಅಪ್ಪನ ಮಗ ನಾನು. ಅಪಾಯಗಳ ಪಟ್ಟಿ ಮಾಡಿ ಬ್ಯಾಂಕಿಗೆ ಒಪ್ಪಿಸಬಲ್ಲೆ, ಅಕ್ಕನಿಗೆ ಒಪ್ಪಿಸಲಾರೆ.

ಆದ್ದರಿಂದ ಸುಲಭದ ದಾರಿ ಬಿಟ್ಟು ಅಕ್ಕನ ಪಾಸ್‌ಪೋರ್ಟಿಗೆ ಇಲ್ಲಿಂದಲೇ ಆನ್‌ಲೈನ್ ಅರ್ಜಿ ಹಾಕಲು ಕೂತೆ. ಅವಳು ಫೋನನ್ನು ರೊಟ್ಟಿ ಡಬ್ಬಿಗೆ ಒರಗಿಸಿ ವಿಡಿಯೊದಲ್ಲಿ ಕಾಣಿಸಿಕೊಂಡಳು. ನಾನು ಕೇಳುವುದು, ಅವಳು ಬಡಿಯುತ್ತಲೇ ಹೇಳುವುದು.

"ಹುಟ್ಟಿದ ತಾರೀಕು?"

"ಜೂನ್ ಒಂದು."

"ಖರೇ ತಾರೀಕು ಯಕ್ಕಾ."

"ಖರೇದು ಅವ್ವಗ ಗೊತ್ತಿತ್ತು, ಜ್ವಾಳದ ಸುಗ್ಗಿ ಅಂತ. ಸಾಲಿ ಮಾಸ್ತರ ಬರದದ್ದು ಜೂನ್ ಒಂದು. ನಂದೇನೈತಿ ಅದರಾಗ?"

"ಹೋಗ್ಲಿ. ಮೈಮೇಲೆ ಕಾಣುವಂಥ ಗುರುತು ಏನರೆ ಐತೇನು?"

ಬಡಿತ ನಿಂತಿತು. ಅಕ್ಕ ಕ್ಯಾಮೆರಾಗೆ ಹಣೆ ತಂದು ಹಿಡಿದಳು. ಎಡ ಹುಬ್ಬಿನ ಮೇಲೆ ಅರ್ಧ ಇಂಚಿನ ಬಿಳಿ ಗೆರೆ. ನನಗೆ ಏಳು ವರ್ಷವಿದ್ದಾಗ ಚಿಣ್ಣಿದಾಂಡು ಆಡುತ್ತ ನಾನು ಹಾರಿಸಿದ ಚಿಣ್ಣಿ ಬಡಿದ ಗಾಯ. ಅವತ್ತು ರಕ್ತ ನೋಡಿ ಅತ್ತವನು ನಾನು. ಒಂದು ಕೈಯಲ್ಲಿ ಹಣೆಗೆ ಅರಿಸಿನ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ನನ್ನನ್ನು ಸಮಾಧಾನ ಮಾಡಿದವಳು ಅವಳು. ಕಪಾಟಿಗೆ ಬಡಿದೆನೆಂದು ಮನೆಯಲ್ಲಿ ಹೇಳಿದ್ದಳು.

"ಎಡ ಹುಬ್ಬಿನ ಮೇಲೆ ಗಾಯದ ಕಲೆ," ಎಂದು ಗಟ್ಟಿಯಾಗಿ ಓದುತ್ತ ತುಂಬಿದೆ.

"ಯಾರು ಮಾಡಿದ್ದು ಅಂತನೂ ಬರಿ," ಎಂದಳು ಅಕ್ಕ. ಹಿಂದಿದ್ದ ಇಬ್ಬರೂ ಹೆಂಗಸರು ನಕ್ಕರು.

ಮುಂದಿನ ಎರಡು ವಾರ ಹೇಗೆ ಕಳೆದವೆಂದು ಕೇಳಬೇಡಿ. ಎರಡು ದಿನಕ್ಕೊಮ್ಮೆ ಅಕ್ಕನನ್ನು ಕೇಳುತ್ತಿದ್ದೆ. "ಎಲ್ಲಾ ಚಲೋ ನಡದೈತಿ" ಎನ್ನುತ್ತಿದ್ದಳು. "ಅಲ್ಲಿ?" "ಇಲ್ಲೂ ಎಲ್ಲಾ ಚಲೋ." ನಿದ್ದೆ ಮಾತ್ರ ಬಿಟ್ಟುಹೋಗಿತ್ತು. ಮಗು ಅತ್ತರೆ ಎಚ್ಚರ, ಅಳದಿದ್ದರೆ ಇನ್ನೂ ಎಚ್ಚರ. ಕಣ್ಣು ಮುಚ್ಚಿದರೆ ತುಂಬ ವಿನಯದ ಒಬ್ಬ ಅಧಿಕಾರಿ ಬಂದು, ಬೂಟು ಬಿಚ್ಚಿ ಬಾಗಿಲ ಹೊರಗಿಟ್ಟು, ತೊಟ್ಟಿಲಿನೊಳಗೆ ಬಗ್ಗಿ, "ಮಿಸ್, ಯುವರ್ ಪಾಸ್ ಪ್ಲೀಸ್" ಎನ್ನುತ್ತಿದ್ದ. ನನ್ನ ಮಗಳು ಬೆರಳು ಚೀಪುತ್ತ ಮೌನ ಪಾಲಿಸುತ್ತಿದ್ದಳು. ಹಗಲಿನಲ್ಲಿ ಲಿಫ್ಟಿನ ಬಾಗಿಲು ತೆರೆದು ಸಮವಸ್ತ್ರದವರು ಯಾರಾದರೂ ಕಂಡರೆ, ಅವರು ಪಿಜ್ಜಾ ತಂದವರಾಗಿದ್ದರೂ, ಮಗುವಿನ ಮುಖದ ಮೇಲೆ ಬಟ್ಟೆ ಎಳೆಯುತ್ತಿದ್ದೆ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದರು: "ಸರ್, ಇಲ್ಲೇ ಹುಟ್ಟಿದ ಪಾಪುಗೆ ಏನೇನು ಮಾಡಿಸಬೇಕು?" ಪೀಠಾಧಿಪತಿಗಳು ಮೂರು ದಿನ ಆ ಸಂದೇಶ ನೋಡಿಲ್ಲವೆಂದು ನಟಿಸಿದರು.

"ರೀ, ಅಕ್ಕಂಗೆ ಇರೋ ವಿಷಯ ಹೇಳ್ಬಿಡಿ," ಎಂದು ರಶ್ಮಿ ದಿನಕ್ಕೊಮ್ಮೆ ಹೇಳುತ್ತಿದ್ದಳು.

"ಅವಳಿಗೆ ಬಿಪಿ ಇದೆ."

"ಹೀಗೇ ಇದ್ರೆ ನಿಮಗೂ ಬರತ್ತೆ. ಅಕ್ಕ ತಮ್ಮ ಒಂದೇ ಮಾತ್ರೆ ತಗೋಬಹುದು."

ಇಪ್ಪತ್ತೇಳನೇ ದಿನ, ಒಂದು ಶನಿವಾರ ಬೆಳಿಗ್ಗೆ, ನಾನು ಧೈರ್ಯ ಮಾಡಿದೆ. ಅರ್ಜಿ ತೆರೆದೆ. ಕೆಂಪು ನಕ್ಷತ್ರದ ಚೌಕದಲ್ಲಿ ನಾನೇ ಒಂದು ಹೆಸರು ಒತ್ತಿದೆ. ಬಹಳ ಯೋಚಿಸಿ ಆರಿಸಿದ ಹೆಸರು ಅದು. ನಾಳೆ ಅಕ್ಕನಿಗೆ ಗೊತ್ತಾದರೆ ಕೋಪದ ಮೊದಲ ಅಲೆಯನ್ನಾದರೂ ತಡೆಯಬಲ್ಲ ಹೆಸರು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದೆ. ಬೆರಳು ಇಳಿಯಲಿಲ್ಲ. ಆರು ವರ್ಷದ ಸಾನ್ವಿ ಬಂದು ತೊಡೆಯೇರಿ ಪರದೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಳು. ಅಷ್ಟರಲ್ಲಿ ಅಕ್ಕನ ವಿಡಿಯೊ ಕರೆ ಬಂತು. ಫೋನ್ ಸಾನ್ವಿಯ ಕೈಯಲ್ಲಿತ್ತು.

"ಅತ್ತೆ! ಪಾಪುಗೆ ನೇಮ್ ಇಟ್ಟಾಯ್ತು ಲಾ! ಅಪ್ಪ ಆಲ್‌ರೆಡಿ ಟೈಪ್ ಮಾಡಿದ್ರು!" ಎಂದಳು, ಇಲ್ಲಿಯವರಂತೆ ಮಾತಿಗೊಂದು 'ಲಾ' ಹಚ್ಚಿ.

ಗದಗಿನಲ್ಲಿ ರೊಟ್ಟಿ ಬಡಿತ ನಿಂತಿತು. ಒಂದಲ್ಲ, ಮೂರೂ ಕಡೆಯದು.

"ಕೊಡು ಅವ್ವಿ ನಿಮ್ಮಪ್ಪನ ಕೈಯಾಗ," ಎಂದಳು ಅಕ್ಕ. ನಾನು ಫೋನ್ ತೆಗೆದುಕೊಂಡೆ. "ಏನಂತ ಇಟ್ಟಿ?"

"ಇಟ್ಟಿಲ್ಲ ಯಕ್ಕಾ, ಬರೇ ಟೈಪ್..."

"ಏನಂತ?"

"ಈರವ್ವ."

ಅವಳ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿದ್ದೆ. ಅದಕ್ಕೆ ಬೇಕಾದ ಮುಖಭಾವವನ್ನೂ ಸಿದ್ಧ ಮಾಡಿಕೊಂಡಿದ್ದೆ.

"ನಿನಗ ತಲಿ ಐತೇನೋ? ಸಾಲ್ಯಾಗ ಹಾಜರಿ ಕರದಾಗೊಮ್ಮೆ ನನ್ನ ಹೆಸರಿಗೆ ಹುಡುಗೂರು ನಗತಿದ್ರು. ಹತ್ತು ವರ್ಷ ನಕ್ಕಾರ. ಆ ಹೆಸರು ಸಿಂಗಾಪುರದಾಗ ಹುಟ್ಟಿದ ಕೂಸಿಗೆ ಕಟ್ಟಾಂವೇನು? ಅಷ್ಟಕ್ಕೂ ಏನ್ ಅವಸರ ಬಡದೈತಿ ನಿನಗ? ನಾ ಬರೂತನಕ ತಡಿಯಾಕ ಆಗೂದಿಲ್ಲೇನು?"

ನಾನು ಬಾಯಿ ತೆರೆದೆ. ಒಳಗಿನಿಂದ 'ಸುಮ್ನ' ಎಂಬುದೇ ಹೊರಡುತ್ತಿತ್ತು. ಅಷ್ಟರಲ್ಲಿ ರಶ್ಮಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದವಳು ಫೋನ್ ಕಿತ್ತುಕೊಂಡಳು.

"ಅಕ್ಕಾ, ಇವರು ಹೇಳಲ್ಲ, ನಾನು ಹೇಳ್ತೀನಿ ಕೇಳಿ. ಇನ್ನು ಹದಿನೈದು ದಿನದಲ್ಲಿ ಪಾಪುಗೆ ಪಾಸ್ ಆಗಲಿಲ್ಲ ಅಂದ್ರೆ ಅವಳು ಇಲ್ಲಿ ಇರೋ ಹಾಗಿಲ್ಲ. ಪಾಸ್‌ಪೋರ್ಟ್ ಇಲ್ದೆ ಊರಿಗೆ ಕರ್ಕೊಂಡು ಬರೋ ಹಾಗೂ ಇಲ್ಲ. ಹೆಸರಿಲ್ದೆ ಪಾಸ್‌ಪೋರ್ಟ್ ಕೊಡಲ್ಲ. ಇಷ್ಟೇ ವಿಷಯ. ಇವರು ರಾತ್ರಿಯೆಲ್ಲ ನಿದ್ದೆ ಮಾಡ್ತಿಲ್ಲ, ನನ್ನನ್ನೂ ಮಾಡೋಕೆ ಬಿಡ್ತಿಲ್ಲ."

ಅಕ್ಕ ಕೈಯ ಹಿಟ್ಟು ಕೊಡವಿದಳು. "ಅವನ ಕೈಯಾಗ ಕೊಡು."

ಕೊಟ್ಟಳು.

"ಇದು ನಿನಗ ಯಾವಾಗಿಂದ ಗೊತ್ತು?"

"ಮೊದಲಿಂದ."

"ಮತ್ತ ಯಾಕ ಹೇಳಲಿಲ್ಲ?"

"ನಿನಗ್ಯಾಕ ಚಿಂತಿ ಅಂತ."

ಬೈಗುಳಕ್ಕೆ ತಲೆ ಬಗ್ಗಿಸಿ ಕಾದೆ. ಬರಲಿಲ್ಲ. ನೋಡಿದರೆ ಅಕ್ಕ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದಾಳೆ. ಹಿಟ್ಟಿನ ಗೆರೆ ಹುಬ್ಬಿನವರೆಗೂ ಹತ್ತಿದೆ.

"ನಂದು ಪಾಸ್‌ಪೋರ್ಟ್ ನಿಂತು ಹನ್ನೆರಡು ದಿನ ಆತು," ಎಂದಳು. "ಸಾಲಿ ಕಾಗದದಾಗ ಒಂದು ತಾರೀಕು, ಆಧಾರದಾಗ ಇನ್ನೊಂದು. ಎರಡರಾಗ ಯಾವ ದಿನ ಹುಟ್ಟೀರಿ, ಸರಿ ಮಾಡಿಸಿಕೊಂಡು ಬರ್ರಿ ಅಂತ ವಾಪಸ್ ಕಳಿಸ್ಯಾರ. ತಿಂಗಳಗಟ್ಟಲೆ ಹಿಡೀತೈತಂತ."

"ಯಕ್ಕಾ! ಎಲ್ಲಾ ಚಲೋ ನಡದೈತಿ ಅಂದಿ!"

"ನಿನಗ್ಯಾಕ ಚಿಂತಿ ಅಂತ."

ಮೊದಲು ನಕ್ಕದ್ದು ರಶ್ಮಿ. ಹೊಟ್ಟೆಯ ಹೊಲಿಗೆ ನೋಯುತ್ತದೆಂದು ಗೋಡೆ ಹಿಡಿದು ನಕ್ಕಳು. ಆಮೇಲೆ ಗದಗಿನ ಇಬ್ಬರು ಹೆಂಗಸರು. ಕೊನೆಗೆ ನಾವಿಬ್ಬರು.

ಮುಂದಿನದೆಲ್ಲ ಹತ್ತು ನಿಮಿಷದ ಕೆಲಸ. ಅಕ್ಕ ಕೈ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಸೆರಗು ಸರಿಮಾಡಿಕೊಂಡು ಕೂತಳು. ಕೂಸನ್ನು ತೊಟ್ಟಿಲಿಗೆ ಹಾಕಿಸಿದಳು. ಫೋನಿನ ಧ್ವನಿ ತಗ್ಗಿಸಿ ಕೂಸಿನ ಬಲಗಿವಿಗೆ ಹಿಡಿಯಬೇಕು, ಬೇರೆ ಯಾರೂ ಹತ್ತಿರ ಸುಳಿಯಬಾರದು ಎಂದಳು. ರಶ್ಮಿ ಫೋನ್ ಹಿಡಿದು ಮುಖ ಆಚೆ ತಿರುಗಿಸಿದಳು. ನಾನು ಸಾನ್ವಿಯ ಎರಡೂ ಕಿವಿ ಮುಚ್ಚಿ ನಿಂತೆ. ನನ್ನ ಕಿವಿ ಮುಚ್ಚಲು ಯಾರೂ ಇರಲಿಲ್ಲ, ಆದರೂ ಆಣೆ ಮಾಡಿ ಹೇಳುತ್ತೇನೆ, ಏನೂ ಕೇಳಿಸಲಿಲ್ಲ. ಮಗಳು ಒಮ್ಮೆ ಕಣ್ಣು ಬಿಟ್ಟು, ಆಕಳಿಸಿ, ಮತ್ತೆ ಮುಚ್ಚಿದಳು. ಮರುಕ್ಷಣ ಫೋನಿನಿಂದ ದಬದಬ ಸದ್ದು. ದಿನಕ್ಕೆ ನೂರಾರು ರೊಟ್ಟಿ ಬಡಿಯುವ ಕೈಗಳು ಅಕ್ಕನ ಬೆನ್ನಿಗೆ ಬಿದ್ದಿದ್ದವು.

"ಹಗೂರ ಬಡೀರೇ ಯವ್ವಾ! ಬೆನ್ನು ಐತಿ, ಹಿಟ್ಟಲ್ಲ!"

ಆಮೇಲೆ ನಮಗೆ ಹೇಳಿದಳು: ಇಂಚರ.

"ಯಾರೂ ನಗಬಾರದು, ಕರದ್ರ ಕೇಳಾವ್ರಿಗೆ ಚಂದ ಅನಿಸಬೇಕು. ಒಂಬತ್ತು ತಿಂಗಳು ಹುಡುಕೀನಿ," ಎಂದಳು.

ಈರವ್ವ ಎಂಬುದನ್ನು ಅಳಿಸಿ ಇಂಚರ ಎಂದು ಒತ್ತಿದೆ. ಬೆರಳು ತಾನಾಗಿ ಇಳಿಯಿತು.

ಅಲ್ಲಿಗೆ ಎಲ್ಲ ಸುಸೂತ್ರವಾಯಿತು ಎಂದುಕೊಳ್ಳಬೇಡಿ. ಜನನ ಪತ್ರವೇನೋ ಬೇಗ ಆಯಿತು. ಅರ್ಜಿಯ ಪ್ರತಿ ಹಿಡಿದು ಪಾಸ್‌ಪೋರ್ಟ್ ಕಚೇರಿಯಲ್ಲಿ ಸಲ್ಲಿಸಲು ಹೋದ ದಿನ, ಕಿಟಕಿಯಾಚೆ ಕೂತಿದ್ದ ಆಂಟಿ ಮಗುವಿನ ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಸರ್, ದಿಸ್ ಬ್ಲ್ಯಾಕ್ ಡಾಟ್ ಈಸ್ ವಾಟ್ ಆಹ್? ಬರ್ತ್‌ಮಾರ್ಕ್?"

ನಾನು ರಶ್ಮಿಯನ್ನು ನೋಡಿದೆ. ಬಿಳಿ ಹಾಸಿಗೆವಸ್ತ್ರದ ಮೇಲೆ ಮಲಗಿಸಿ ನಲವತ್ತು ಫೋಟೋ ತೆಗೆದಿದ್ದೆವು. ಅದರಲ್ಲಿ ಕಣ್ಣು ತೆರೆದದ್ದು ಒಂದೇ. ಕೆನ್ನೆಯ ಕಾಡಿಗೆ ಬೊಟ್ಟು ಅಳಿಸುವುದು ಇಬ್ಬರಿಗೂ ನೆನಪಾಗಿರಲಿಲ್ಲ. ಅದು ಮುಖದ ಭಾಗವೇ ಎಂಬಷ್ಟು ಅಭ್ಯಾಸವಾಗಿತ್ತು.

"ದೃಷ್ಟಿ ಬೊಟ್ಟು ಆಂಟಿ," ಗಡಿಬಿಡಿಯಲ್ಲಿ ಕನ್ನಡದಲ್ಲೇ ಎಂದಳು ರಶ್ಮಿ. "ಯಾರ ಕಣ್ಣೂ ಬೀಳದೆ ಇರಲಿ ಅಂತ."

ಆಂಟಿ ತಮಿಳರು, ಮಾತು ತಿಳಿಯಿತು. ನಕ್ಕರು. "ಐ ನೋ, ಐ ನೋ. ಮೈ ಗ್ರ್ಯಾಂಡ್‌ಸನ್ ಆಲ್ಸೊ ಹ್ಯಾವ್. ಬಟ್ ಪಾಸ್‌ಪೋರ್ಟ್ ಕ್ಯಾನಾಟ್ ಲಾ. ಗೋ ಟೇಕ್ ಅಗೇನ್, ಕಮ್ ಬ್ಯಾಕ್ ಬಿಫೋರ್ ಫೋರ್."

ಪಕ್ಕದ ಮಾಲಿನ ಫೋಟೋ ಅಂಗಡಿಯ ಚೀನೀ ಅಂಕಲ್ ಹತ್ತಿರ ಓಡಿದೆವು. ಅವರು ಕ್ಯಾಮೆರಾ ಹಿಡಿದು ಕಾದರು. ಮಗಳು ಕಣ್ಣು ತೆರೆಯಲಿಲ್ಲ. ಪಾದಕ್ಕೆ ಕಚಗುಳಿ ಇಟ್ಟೆವು, ಹೆಸರು ಹಿಡಿದು ಕೂಗಿದೆವು, ನಾನು ಬೆಕ್ಕಾದೆ, ನಾಯಿಯಾದೆ. ಗಂಟೆ ಮೂರೂವರೆ. ಕೊನೆಗೆ ಅಂಕಲ್ ತಾವೇ ಒಂದು ದೊಡ್ಡ ಸೀನು ಸೀನಿದರು. ಬೇಕೆಂದೋ ತಾನಾಗಿಯೋ ಇವತ್ತಿಗೂ ಗೊತ್ತಿಲ್ಲ. ಮಗಳ ಕಣ್ಣು ಅರಳಿದವು, ಕ್ಯಾಮೆರಾ ಮಿಂಚಿತು. ಆ ಫೋಟೋವೇ ಇದು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಕಿಟಕಿಯ ಮುಂದೆ ಏದುಸಿರು ಬಿಡುತ್ತ ನಿಂತಿದ್ದೆ.

ಪಾಸ್‌ಪೋರ್ಟ್ ಬಂತು. ಅಂದೇ ಪಾಸಿಗೆ ಅರ್ಜಿ ಹಾಕಿದೆ. ಆರು ವಾರಕ್ಕೆ ಇನ್ನು ಮೂರು ದಿನ ಉಳಿದಿದ್ದಾಗ, ಒಂದು ಗುರುವಾರ, ಊಟದ ಹೊತ್ತಿನಲ್ಲಿ ಕಚೇರಿಯಲ್ಲಿ ಮೊಸರನ್ನ ಕಲಸುತ್ತಿದ್ದೆ. ಒಪ್ಪಿಗೆಯ ಸಂದೇಶ ಬಂತು. ನಾಲ್ಕು ಸಲ ಓದಿದೆ. ರಶ್ಮಿಗೆ ಹೇಳಿದೆ, ಅಕ್ಕನಿಗೆ ಹೇಳಿದೆ, ಎದುರಿಗೆ ಕೂತಿದ್ದ ಪರಿಚಯವಿಲ್ಲದ ಫಿಲಿಪೀನ್ಸಿನ ಹೆಂಗಸಿಗೂ ಹೇಳಿದೆ. ಆಕೆ ಪಾಪ, ಕಂಗ್ರಾಟ್ಸ್ ಎಂದಳು.

ಆ ದಿನ ಮನೆಗೆ ಬಂದು, ಉಂಡು, ಐದು ನಿಮಿಷ ಒರಗುತ್ತೇನೆಂದು ಮಲಗಿದವನು ಕಣ್ಣು ಬಿಟ್ಟಾಗ ಶುಕ್ರವಾರದ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಕೆಳಗೆ ಶಾಲೆಯ ಬಸ್ಸು ಸಾನ್ವಿಯನ್ನು ಹತ್ತಿಸಿಕೊಂಡು ಹೋಗಿಯಾಗಿತ್ತು. ತೊಟ್ಟಿಲು ಖಾಲಿ. ದಡಕ್ಕನೆ ಎದ್ದು ಕೂತೆ. ತಿರುಗಿದರೆ ರಶ್ಮಿ ಮಗುವನ್ನು ಎತ್ತಿಕೊಂಡು ಮಂಚದ ಪಕ್ಕ ನಿಂತಿದ್ದಳು. ತಲೆ ಕೆದರಿತ್ತು, ಕಣ್ಣು ಕೆಂಪಗಿತ್ತು.

"ಚೆನ್ನಾಗಿ ನಿದ್ದೆ ಬಂತಾ?"

"ತುಂಬ ಚೆನ್ನಾಗಿ. ಪಾಪುನೂ ಒಂದ್ಸಲಾನೂ ಎದ್ದಿಲ್ಲ ಅನ್ಸತ್ತೆ, ಅಲ್ವಾ?"

"ಐದು ಸಲ," ಎಂದಳು ರಶ್ಮಿ. ಮಗಳನ್ನು ತಂದು ನನ್ನ ತೊಡೆಯ ಮೇಲಿಟ್ಟಳು. "ತಗೊಳ್ಳಿ. ಕಾಗದ ಪತ್ರ ಎಲ್ಲ ಸರಿ ಇದೆ. ಇನ್ನು ನೀವೇ ನೋಡ್ಕೊಳ್ಳಿ."

ಹಾಗೆಂದವಳೇ ಆಚೆ ಮಗ್ಗುಲಿಗೆ ಬಿದ್ದುಕೊಂಡು, ಹೊದಿಕೆ ತಲೆಯವರೆಗೆ ಎಳೆದುಕೊಂಡಳು.